ಇಟಲಿಯ ನೋಟೊದಲ್ಲಿ ಬರೋಕ್ (ಹೆಚ್ಚು ಅಲಂಕಾರದ ಯುರೋಪಿನ ವಾಸ್ತುಶೈಲಿ) ಚರ್ಚುಗಳು ಕಾಣಲಿಲ್ಲವೆಂಬ ಪ್ರಶ್ನೆಗೆ
ನಕ್ಷೆ ನಿಮ್ಮನ್ನು ಬಹುಶಃ ನೋಟೊ ಆಂಟಿಕಾಕ್ಕೆ ಕರೆದೊಯ್ದಿದೆ. ನೀವು ಬರೆದಿರುವ ಗುಡ್ಡ, ಕುರುಚಲು ಗಿಡ, ಪಾಳುಗೋಡೆಗಳೆಲ್ಲ 1693ರ ಭೂಕಂಪದಲ್ಲಿ ನೆಲಸಮವಾದ ಆ ಹಳೆಯ ಊರಿನವು. ಸಿಸಿಲಿಯ ಈಗಿನ ನೋಟೊವನ್ನು ಅಲ್ಲಿಂದ ಸುಮಾರು 8 ಕಿ.ಮೀ. ದೂರದಲ್ಲಿ ಹೊಸದಾಗಿ ಕಟ್ಟಲಾಯಿತು; ನೀವು ಹುಡುಕುತ್ತಿರುವ ಬರೋಕ್ ಚರ್ಚುಗಳು ಈ ಹೊಸ ಊರಿನಲ್ಲಿವೆ.

ನಾಳೆ ನಕ್ಷೆಯಲ್ಲಿ 'ಪೋರ್ಟಾ ರಿಯಾಲೆ' ಎಂದು ಹುಡುಕಿ, ಕಾರನ್ನು ಹೊರಗೆ ನಿಲ್ಲಿಸಿ, ಆ ಕಮಾನಿನಿಂದ ಕೊರ್ಸೊ ವಿಟ್ಟೋರಿಯೊ ಇಮ್ಯಾನುಯೆಲೆ ಬೀದಿಯಲ್ಲಿ ಪಶ್ಚಿಮಕ್ಕೆ ನಡೆಯಿರಿ. ಸಂತ ಫ್ರಾನ್ಸಿಸರ ಚರ್ಚನ್ನು ದಾಟಿದ ಮೇಲೆ ಬಲಗಡೆ ಅಗಲವಾದ ಮೆಟ್ಟಿಲುಗಳ ಮೇಲೆ ಕೆಥೆಡ್ರಲ್, ಅದರ ಎದುರಿಗೇ ಪುರಭವನವಾದ ಪಲಾಝೊ ಡುಚೇಜಿಯೊ ಸಿಗುತ್ತವೆ. 1996ರಲ್ಲಿ ಕುಸಿದ ಕೆಥೆಡ್ರಲ್‌ನ ಗುಮ್ಮಟವನ್ನು ಮತ್ತೆ ಕಟ್ಟಿ 2007ರಲ್ಲಿ ಬಾಗಿಲು ತೆರೆದರು. ಒಳಗೆ ನಿಂತು ತಲೆಯೆತ್ತಿ ನೋಡುವಾಗ ಇದು ನೆನಪಿನಲ್ಲಿರಲಿ.

ಅಲ್ಲಿಂದ ಮುಂದೆ ಬಲಕ್ಕೆ ಏರುವ ನಿಕೊಲಾಚಿ ಬೀದಿಗೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಅಲ್ಲಿರುವ ನಿಕೊಲಾಚಿ ಅರಮನೆಯ ಬಾಲ್ಕನಿಗಳನ್ನು ಸಿಂಹ, ಕುದುರೆ, ಮತ್ಸ್ಯಕನ್ಯೆ, ಪುಟ್ಟ ಮಕ್ಕಳ ಕಲ್ಲಿನ ಆಕೃತಿಗಳು ಹೊತ್ತು ನಿಂತಿವೆ, ಮತ್ತು ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಇದಕ್ಕಿಂತ ಚೆಲುವಾದ ಕೆತ್ತನೆಯಿಲ್ಲ. ಬೀದಿಯ ತುದಿಯಲ್ಲಿರುವ ಮೊಂಟೆವೆರ್ಜಿನೆ ಚರ್ಚಿನ ಮುಂದಿನಿಂದ ಒಮ್ಮೆ ಹಿಂದಿರುಗಿ ನೋಡಿ.

ಮಧ್ಯಾಹ್ನ ಕೆಲವು ಚರ್ಚುಗಳು ಮುಚ್ಚಿರಬಹುದು, ಸಮಯವೂ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಒಳಾಂಗಣಗಳನ್ನು ಬೆಳಿಗ್ಗೆಯೇ ಮುಗಿಸಿ, ಸುಣ್ಣಕಲ್ಲು ಜೇನುಬಣ್ಣಕ್ಕೆ ತಿರುಗುವ ಸಂಜೆಗೆ ಕೊರ್ಸೊ ನಡಿಗೆಯನ್ನು ಉಳಿಸಿಕೊಳ್ಳಿ.