ಉಪಗ್ರಹ ಚಿತ್ರ ನೋಡಿ ಮಳೆಕಾಡನ್ನು ಮುಂದೆ ಎಲ್ಲಿ ಕಡಿಯುತ್ತಾರೆ ಅಂತ ಮೊದಲೇ ಹೇಳಬಹುದಾ?

ಎಲ್ಲಿ ಅಂತ ಸುಮಾರಾಗಿ ಹೇಳಬಹುದು. ಎಷ್ಟು, ಯಾವಾಗ ಅಂತ ಹೇಳೋದು ಕಷ್ಟ. ಪ್ರಾಜೆಕ್ಟ್‌ಗೆ ಯಾವ ಮಾಡೆಲ್, ಅಂದರೆ ಮುನ್ಸೂಚನೆ ಕೊಡುವ ಯಾವ ಕಂಪ್ಯೂಟರ್ ವಿಧಾನ, ಒಳ್ಳೆಯದು ಅಂತಲೂ ಕೇಳಿದ್ದೀರಿ, ಅದಕ್ಕೆ ಆಮೇಲೆ ಬರುತ್ತೇನೆ. ನಾನು ಇಂಥ ಚಿತ್ರಗಳ ಜೊತೆಗೇ ಕೆಲಸ ಮಾಡುವವನು. ಈ ಕೆಲಸದಲ್ಲಿ ಮಾಡೆಲ್‌ಗಿಂತ ದೊಡ್ಡ ತಲೆನೋವುಗಳು ಬೇರೆ ಇವೆ.

ಕಡಿದಾದ ಮೇಲೆ ಪತ್ತೆ ಹಚ್ಚೋದು ಹಳೆಯ ವಿದ್ಯೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇನ್ಪೆ, 1988ರಿಂದಲೂ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಮಾದರಿಯ ಚಿತ್ರಗಳನ್ನು ಇಟ್ಟುಕೊಂಡು ಅಮೆಜಾನ್‌ನಲ್ಲಿ ವರ್ಷಕ್ಕೆ ಎಷ್ಟು ಕಾಡು ಹೋಯಿತು ಅಂತ ಲೆಕ್ಕ ಹಾಕುತ್ತಿದೆ. ಆ ಯೋಜನೆಯ ಹೆಸರು ಪ್ರೋಡೆಸ್. ಲೆಕ್ಕದ ವರ್ಷ ಆಗಸ್ಟ್‌ನಿಂದ ಜುಲೈವರೆಗೆ. 2004ರಲ್ಲಿ 27,772 ಚದರ ಕಿಲೋಮೀಟರ್ ಕಾಡು ಹೋಗಿತ್ತು. 2012ಕ್ಕೆ ಅದು 4,571ಕ್ಕೆ ಇಳಿಯಿತು. ಇಷ್ಟು ಇಳಿಯಲು ಕಾರಣ ಹಲವು. ಅವುಗಳಲ್ಲಿ ಒಂದು, 2004ರಲ್ಲಿ ಶುರುವಾದ ಡೆಟರ್. ಪ್ರೋಡೆಸ್ ವರ್ಷದ ಕೊನೆಗೆ ಲೆಕ್ಕ ಕೊಡುತ್ತದೆ, ಡೆಟರ್ ಕಡಿತ ನಡೆಯುತ್ತಿರುವಾಗಲೇ ಅಧಿಕಾರಿಗಳಿಗೆ ಎಚ್ಚರಿಕೆ ಕಳಿಸುತ್ತದೆ. ಮೊದಮೊದಲು ಅದರ ಒಂದು ಪಿಕ್ಸೆಲ್ 250 ಮೀಟರ್ ಅಗಲ ಇತ್ತು, 25 ಹೆಕ್ಟೇರ್‌ಗಿಂತ ಚಿಕ್ಕ ಜಾಗ ಕಣ್ಣಿಗೆ ಬೀಳುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಸಣ್ಣ ಸಣ್ಣ ತುಂಡಾಗಿ ಕಡಿಯೋದು ಜಾಸ್ತಿಯಾಯಿತು. 2015ರ ಹೊತ್ತಿಗೆ ಇನ್ನೂ ಸೂಕ್ಷ್ಮವಾದ ಕ್ಯಾಮೆರಾಗಳು ಬಂದವು. ಅದರಲ್ಲಿ ಒಂದು ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್ ಉಪಗ್ರಹದ್ದು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ಈಗ ಮೋಡದ ವಿಷಯ. ಮಳೆಕಾಡು ಅಂದಮೇಲೆ ಮೋಡ ಇದ್ದೇ ಇರುತ್ತೆ ಅಲ್ವಾ? ಒಂದು ಲ್ಯಾಂಡ್‌ಸ್ಯಾಟ್ ಅದೇ ಜಾಗಕ್ಕೆ ಮರಳಿ ಬರುವುದು 16 ದಿನಕ್ಕೊಮ್ಮೆ. ಬಂದ ದಿನ ಮೋಡ ಇದ್ದರೆ ಮತ್ತೆ 16 ದಿನ ಕಾಯಬೇಕು. ಮಳೆಗಾಲದಲ್ಲಿ ಹೀಗೆ ತಿಂಗಳುಗಟ್ಟಲೆ ಒಂದೂ ಸ್ವಚ್ಛ ಚಿತ್ರ ಸಿಗದೆ ಹೋಗಬಹುದು. ಇದು ಬರೀ ತಾಂತ್ರಿಕ ಕಿರಿಕಿರಿ ಅಲ್ಲ. ಡೆಟರ್ ಎಚ್ಚರಿಕೆಗಳ ಬಗ್ಗೆ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ, ಮೋಡ ಜಾಸ್ತಿ ಮುಚ್ಚಿದ್ದ ಕಡೆ ದಂಡ ಬಿದ್ದದ್ದು ಕಡಿಮೆ, ಮರುವರ್ಷ ಕಾಡು ಹೋದದ್ದು ಜಾಸ್ತಿ ಅಂತ ಗೊತ್ತಾಯಿತು.

ರಾಡಾರ್‌ಗೆ ಮೋಡದ ಹಂಗಿಲ್ಲ. ಯುರೋಪಿನ ಸೆಂಟಿನೆಲ್-1 ರಾಡಾರ್ ಉಪಗ್ರಹ ರಾತ್ರಿಯೂ ಮೋಡದ ಆಚೆಯೂ ನೋಡುತ್ತದೆ. ಆದರೆ ಅದರ ತರಂಗದ ಉದ್ದ ಐದೂವರೆ ಸೆಂಟಿಮೀಟರ್ ಆಸುಪಾಸು, ಎಲೆ ಮತ್ತು ಸಣ್ಣ ರೆಂಬೆಗೆ ತಾಗಿಯೇ ವಾಪಸ್ ಬಂದುಬಿಡುತ್ತದೆ. ಮರ ಉರುಳಿಸಿ ಕಾಂಡ, ಕೊಂಬೆಗಳನ್ನು ಅಲ್ಲೇ ಬಿಟ್ಟಿದ್ದರೆ ಪ್ರತಿಫಲನ ಕಡಿಮೆಯಾಗೋದೇ ಇಲ್ಲ, ಕೆಲವೊಮ್ಮೆ ಇನ್ನೂ ಹೆಚ್ಚುತ್ತದೆ. ಸುಟ್ಟು ಬಯಲು ಮಾಡಿದ ಮೇಲೆ ಎಚ್ಚರಿಕೆ ಬರುತ್ತದೆ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. 24 ಸೆಂಟಿಮೀಟರ್ ಆಸುಪಾಸಿನ ಎಲ್-ಬ್ಯಾಂಡ್ ತರಂಗ ಕೊಂಬೆ, ಕಾಂಡದವರೆಗೂ ಇಳಿಯುತ್ತದೆ. 2025ರ ಜುಲೈನಲ್ಲಿ ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹದಲ್ಲಿ ಅದು ಇರೋದರಿಂದ ನನಗೆ ಅದರ ಮೇಲೆ ಬಹಳ ಆಸೆ.

ಹೊಸಬರು ಸಾಮಾನ್ಯವಾಗಿ ಎಡವುವ ಒಂದು ಜಾಗ ಇದೆ. ಕಾಡಿನ ಒಂದೇ ಒಂದು ಪಿಕ್ಸೆಲ್ ತೆಗೆದುಕೊಂಡು ಅದರ ಹಸಿರಿನ ಸೂಚ್ಯಂಕವನ್ನು, ಅಂದರೆ ಎನ್‌ಡಿವಿಐ ಅನ್ನು, ತಿಂಗಳು ತಿಂಗಳು ನೋಡಿ. ವರ್ಷಗಟ್ಟಲೆ ಗೆರೆ ಮೇಲೆಯೇ ಇರುತ್ತದೆ. ಕಡಿದು ಸುಟ್ಟ ತಿಂಗಳು ದಬಕ್ಕನೆ ಬೀಳುತ್ತದೆ. ಒಂದು ಮಳೆ ಬಿದ್ದರೆ ಸಾಕು, ಹುಲ್ಲು, ಕಳೆ ಬೆಳೆದು ಗೆರೆ ಮತ್ತೆ ಏರುತ್ತದೆ. ಈ ವರ್ಷದ್ದೊಂದು, ಮುಂದಿನ ವರ್ಷದ್ದೊಂದು ಚಿತ್ರ ಮಾತ್ರ ಹೋಲಿಸಿದರೆ ಎರಡರಲ್ಲೂ ಹಸಿರೇ ಕಾಣುತ್ತದೆ, ಏನೂ ಆಗಿಲ್ಲ ಅಂದುಕೊಳ್ಳುತ್ತೀರಿ. ಅದಕ್ಕೇ ಎರಡು ಚಿತ್ರ ಸಾಲದು, ಪೂರ್ತಿ ಸರಣಿ ಬೇಕು. ಇನ್ನೊಂದು ಪೇಚಾಟ ಇಂಡೊನೇಷ್ಯಾದಲ್ಲಿ. ಬಲಿತ ತಾಳೆ ಎಣ್ಣೆ ತೋಟ ಮೇಲಿನಿಂದ ಕಾಡಿನ ಹಾಗೇ ಕಾಣುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿದ ಜಾಗತಿಕ ನಕ್ಷೆಯನ್ನು ಎಲ್ಲರೂ ಬಳಸುತ್ತಾರೆ, ನೀವೂ ಬಳಸುತ್ತೀರಿ. ಆದರೆ ಅದು ತೋರಿಸುವುದು ಮರದ ಹೊದಿಕೆ ಹೋದದ್ದನ್ನು. ಯಾರೋ ನೆಟ್ಟ ತೋಪನ್ನು ಅವರೇ ಕಟಾವು ಮಾಡಿದರೂ ಅಲ್ಲಿ ನಷ್ಟ ಅಂತಲೇ ಬರುತ್ತದೆ.

ಇನ್ನು ಮುನ್ಸೂಚನೆ. ಇದರ ಗುಟ್ಟು ಇರೋದು ಮರದಲ್ಲಲ್ಲ, ರಸ್ತೆಯಲ್ಲಿ. ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದಲ್ಲಿ ಬಿಆರ್-364 ಹೆದ್ದಾರಿಯ ಆಸುಪಾಸಿನ ಹಳೆಯ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿ. ಮೊದಲು ಉದ್ದಕ್ಕೊಂದು ರಸ್ತೆ. ಆಮೇಲೆ ಎರಡೂ ಬದಿಗೆ ಸಾಲುಸಾಲು ಕವಲುಗಳು, ಥೇಟ್ ಮೀನಿನ ಮುಳ್ಳು. ಆಮೇಲೆ ಕವಲುಗಳ ನಡುವಿನ ಕಾಡೂ ಮಾಯ. ಬ್ರೆಜಿಲ್‌ನ ಅಮೆಜಾನ್‌ನಲ್ಲಿ ಕಡಿದ ಜಾಗದ ಸುಮಾರು 95 ಶೇಕಡ, ರಸ್ತೆಯಿಂದ ಐದೂವರೆ ಕಿಲೋಮೀಟರ್ ಅಥವಾ ದೋಣಿ ಓಡುವ ನದಿಯಿಂದ ಒಂದು ಕಿಲೋಮೀಟರ್ ಒಳಗೇ ಇದೆ ಅಂತ 2014ರ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಇದರಲ್ಲಿ ಸರ್ಕಾರಿ ನಕ್ಷೆಯಲ್ಲಿಲ್ಲದ ಕಳ್ಳ ರಸ್ತೆಗಳೂ ಸೇರಿವೆ. ಅಲ್ಲಿನ ಇಮಜಾನ್ ಸಂಸ್ಥೆಯ ಪ್ರೆವಿಸಿಯಾ ಎಂಬ ಮುನ್ಸೂಚನಾ ವ್ಯವಸ್ಥೆ ಉಪಗ್ರಹ ಚಿತ್ರದಲ್ಲಿ ಇಂಥ ರಸ್ತೆಗಳನ್ನೇ ಹುಡುಕುತ್ತದೆ. ರಸ್ತೆಗೆ ಎಷ್ಟು ದೂರ, ಹೋದ ವರ್ಷ ಕಡಿದ ಅಂಚಿಗೆ ಎಷ್ಟು ದೂರ, ಸಂರಕ್ಷಿತ ಪ್ರದೇಶದ ಒಳಗಿದೆಯಾ ಹೊರಗಿದೆಯಾ, ಇಷ್ಟು ಗೊತ್ತಿದ್ದರೆ ಎಲ್ಲಿ ಅನ್ನೋದಕ್ಕೆ ಅರ್ಧಕ್ಕಿಂತ ಜಾಸ್ತಿ ಉತ್ತರ ಸಿಕ್ಕ ಹಾಗೇ.

ಎಷ್ಟು ಅನ್ನೋದು ಪಿಕ್ಸೆಲ್ ನೋಡಿ ಗೊತ್ತಾಗಲ್ಲ. ಪ್ರೋಡೆಸ್ ಲೆಕ್ಕದಲ್ಲಿ 2012ರ ನಂತರ ನಿಧಾನಕ್ಕೆ ಏರಿದ ಸಂಖ್ಯೆ 2021ಕ್ಕೆ 13,000 ಚದರ ಕಿಲೋಮೀಟರ್ ದಾಟಿತು, 2024ಕ್ಕೆ ಮತ್ತೆ ಅದರ ಅರ್ಧಕ್ಕೂ ಕೆಳಗೆ ಬಂತು. ಇದರಲ್ಲಿ ಸರ್ಕಾರ ಬದಲಾದದ್ದು, ದಂಡ ಹಾಕುವವರ ಕೈ ಸಡಿಲವಾದದ್ದು, ಬಿಗಿಯಾದದ್ದು ಎಲ್ಲ ಸೇರಿದೆ. ದನದ ಮಾಂಸ, ಸೋಯಾ ಬೆಲೆಗಳ ಪಾಲೂ ಇರುತ್ತದೆ. ಇನ್ನೊಂದು ತಮಾಷೆ ನೋಡಿ. ನಿಮ್ಮ ಮಾಡೆಲ್ ಅಪಾಯ ಅಂದ ಜಾಗಕ್ಕೆ ಅಧಿಕಾರಿಗಳು ಹೋಗಿ ಕಾಡು ಉಳಿಸಿದರು ಅನ್ನಿ, ಆಗ ಲೆಕ್ಕದಲ್ಲಿ ನಿಮ್ಮ ಮಾಡೆಲ್ ತಪ್ಪು ಹೇಳಿದ ಹಾಗೆ!

ಈಗ ನಿಮ್ಮ ಪ್ರಾಜೆಕ್ಟ್. ಡೀಪ್ ಲರ್ನಿಂಗ್‌ನಂಥ ಭಾರೀ ವಿಧಾನಕ್ಕೆ ಕೈ ಹಾಕುವ ಮೊದಲು ಸುಮ್ನೆ ರಾಂಡಮ್ ಫಾರೆಸ್ಟ್ (ಹೆಸರಲ್ಲಿ ಮಾತ್ರ ಕಾಡು, ಹಳೆಯ ಉದಾಹರಣೆ ನೋಡಿ ಕಲಿಯುವ ಸರಳ ಮಾಡೆಲ್) ಹಾಕಿ ನೋಡಿ. ಪ್ರೋಡೆಸ್ ನಕ್ಷೆಗಳು ಉಚಿತವಾಗಿ ಸಿಗುತ್ತವೆ. 99 ಶೇಕಡ ನಿಖರತೆ ಬಂತು ಅಂತ ಕುಣಿಯಬೇಡಿ. ಒಂದು ವರ್ಷದಲ್ಲಿ ಕಾಡಿನ ಬಹುಪಾಲು ಹೇಗಿದ್ದರೂ ಹಾಗೇ ಇರುತ್ತದೆ, ಎಲ್ಲೂ ಏನೂ ಕಡಿಯಲ್ಲ ಅನ್ನುವ ಮಾಡೆಲ್‌ಗೂ ಅಷ್ಟೇ ಅಂಕ ಬರುತ್ತದೆ. ಅದರ ಬದಲು, ಅತಿ ಅಪಾಯ ಅಂತ ಗುರುತಿಸಿದ 1 ಶೇಕಡ ಜಾಗದಲ್ಲಿ ನಿಜವಾದ ಕಡಿತದ ಎಷ್ಟು ಪಾಲು ಸಿಕ್ಕಿತು ಅಂತ ನೋಡಿ. ಪಿಕ್ಸೆಲ್‌ಗಳನ್ನು ಕಲಸಿ ತರಬೇತಿಗೆ ಅರ್ಧ, ಪರೀಕ್ಷೆಗೆ ಅರ್ಧ ಅಂತ ಹಂಚಬೇಡಿ. ಪಕ್ಕದ ಪಿಕ್ಸೆಲ್ ಉತ್ತರ ಹೇಳಿಕೊಟ್ಟುಬಿಡುತ್ತದೆ. ವರ್ಷದ ಮೇಲೆ ಹಂಚಿ: 2018ರವರೆಗಿನದ್ದು ಕಲಿಯಲು, 2019ರಿಂದ 2021 ಪರೀಕ್ಷೆಗೆ. ಹೋದ ವರ್ಷ ಕಡಿದ ಅಂಚಿನ ಪಕ್ಕದಲ್ಲೇ ಈ ವರ್ಷವೂ ಕಡಿಯುತ್ತಾರೆ ಅನ್ನುವ ಒಂದು ಸಾಲಿನ ನಿಯಮವನ್ನೂ ಜೊತೆಗೆ ಓಡಿಸಿ. ನಿಮ್ಮ ಮಾಡೆಲ್ ಅದನ್ನು ಸೋಲಿಸಿದ ಮೇಲೆ ರಾಡಾರ್ ಸೇರಿಸುವ ಬಗ್ಗೆ ಯೋಚನೆ ಮಾಡಬಹುದು.