ಮೀಟಿಂಗಲ್ಲಿ ಮೌನ, ಚಾಯ ಕುಡಿವಾಗ ಮಾತು

ಪ್ರಶ್ನೆ: ಕಾಸರಗೋಡಿನ ಬದಿಯಡ್ಕ ಹತ್ತಿರದ ಅಡಿಕೆ ಗೋಡೌನೊಂದರಲ್ಲಿ ಆರು ತಿಂಗಳಿಂದ ನಾನು ಇನ್‌ಚಾರ್ಜ್. ಕೈಕೆಳಗೆ ಏಳು ಜನ. ಎರಡು ಸಲ ಪಟೋರ (ಕಡಿಮೆ ದರ್ಜೆಯ ಅಡಿಕೆ) ಗೋಣಿ ಒಳ್ಳೆ ಮಾಲಿನ ಲೋಡಿಗೆ ಸೇರಿಹೋಗಿ ವಾಪಸ್ ಬಂತು, ಧಣಿಗಳು ಎಲ್ಲರೆದುರು ಬೈದ್ರು. ಆಮೇಲೆ ಮೀಟಿಂಗಲ್ಲಿ ಯಾರೂ ಬಾಯಿ ಬಿಡುದಿಲ್ಲ, ಚಾಯ ಕುಡಿವಾಗ ಮಾತ್ರ ಎಲ್ಲರದ್ದೂ ತುಳುವಲ್ಲಿ ಜೋರು ಪಟ್ಟಾಂಗ. ವಾಟ್ಸಾಪಲ್ಲಿ ಹುಡುಗರು ಮಲಯಾಳದಲ್ಲಿ ಬರೀತಾರೆ, ಹಿರಿಯರಿಗೆ ಓದ್ಲಿಕ್ಕೆ ಬರುದಿಲ್ಲ. ಇಬ್ಬರ ಮೇಲೆ ನಂಗೆ ಸಂಶಯ. ಧಣಿಗಳಿಗೆ ಹೆಸರು ಹೇಳ್ಲಾ, ಕೆಲಸ ಬಿಡ್ಲಾ?

ಉತ್ತರ: ಎರಡೂ ಬೇಡ ತಂಗಿ, ಈಗಂತೂ ಬೇಡ. ಬರೀ ಸಂಶಯದ ಮೇಲೆ ಹೆಸರು ಹೇಳಿದ್ರೆ ಉಳಿದ ಐದು ಜನವೂ ನಿಮ್ಮನ್ನ ಕಂಡ್ರೆ ದಾರಿ ಬಿಟ್ಟು ಹೋಗ್ತಾರೆ. ನೀವು ಬರೆದದ್ದನ್ನೇ ಇನ್ನೊಂದ್ಸಲ ಓದಿ ಮಾರಾಯ್ತಿ, ಚಾಯ ಕುಡಿವಾಗ ಅಷ್ಟು ಮಾತಾಡುವವ್ರಿಗೆ ಮಾತು ಬಾರದ್ದಲ್ಲ, ಮೀಟಿಂಗಲ್ಲಿ ಬಾಯಿ ಬಿಟ್ರೆ ಬೈಗುಳ ಅಂತ ಗೊತ್ತಾಗಿದೆ ಅಷ್ಟೆ.

ಹಾಗಾಗಿ ಆ ಕುರ್ಚಿ ಹಾಕಿ ಮಾಡುವ ಮೀಟಿಂಗ್ ಬಿಡಿ. ಯಕ್ಷಗಾನ ಆಟದ ಚೌಕಿಲಿ, ವೇಷ ಹಾಕುವಲ್ಲಿ, ನೋಡಿದ್ದೀರಲ್ಲ, ಮುಖಕ್ಕೆ ಬಣ್ಣ ಹಾಕ್ತಾ ಹಾಕ್ತಾನೇ "ಆ ಪದ್ಯ ಬಿಡುವ, ಅಲ್ಲಿ ನಾನು ಹೀಗೆ ಹೇಳ್ತೇನೆ, ನೀವು ಎತ್ತಿಕೊಳ್ಳಿ" ಅಂತ ಮಾತಾಗ್ತದೆ, ಹಾಗೆ ಲೋಡಿಗೆ ಮೊದಲು ಗೋಣಿಗಳ ಹತ್ರವೇ ಐದು ನಿಮಿಷ ನಿಂತು ತುಳುವಲ್ಲೇ ಮಾತಾಡಿ. "ಎಲ್ಲ ಸರಿ ಉಂಟಾ" ಅಂತ ಕೇಳ್ಬೇಡಿ, ಅದಕ್ಕೆ "ಉಂಟು" ಅಂತ್ಲೇ ಉತ್ತರ ಬರುದು. "ಇವತ್ತು ಡೌಟು ಇರುವ ಗೋಣಿ ಯಾವುದು?" ಅಂತ ಕೇಳಿ. ಮೊದಲ ದಿನ ನಿಮ್ಮದೇ ಒಂದು ತಪ್ಪು ಹೇಳಿ, ಆ ಎರಡು ಲೋಡು ನೀವೂ ನೋಡದೆ ಕಳಿಸಿದ್ದಲ್ವಾ?

ವಾಟ್ಸಾಪಿನದ್ದು ಸಣ್ಣ ವಿಷಯ ಅಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ್ಮೇಲೆ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ಕನ್ನಡ ಮಾತ್ರ ಓದ್ಲಿಕ್ಕೆ ಬರುದು, ಪುಳ್ಳಿಗೆ ಮಲಯಾಳ ಮಾತ್ರ, ಗೋಡೌನೂ ಹಾಗೇ ಆಗಿದೆ. ಗಾರ್ಬಲ್, ಅಂದ್ರೆ ಅಡಿಕೆ ಆರಿಸಿ ಬೇರೆ ಮಾಡುವ ಕೆಲಸ, ಮಾಡುವ ಹಿರಿಯರಿಗೆ ಮೆಸೇಜ್ ಬಂದದ್ದೇ ತಿಳಿಯದಿದ್ರೆ ಅವರದ್ದೆಂಥ ತಪ್ಪು? ತುಳುವಲ್ಲಿ ವಾಯ್ಸ್ ಹಾಕ್ಲಿಕ್ಕೆ ಹೇಳಿ, ಗೋಣಿಗೆ ಅಕ್ಷರದ ಬದಲು ಬಣ್ಣದ ಗುರ್ತು ಹಾಕಿ.

ಒಂದು ಎಚ್ಚರ, ಶುರುಲಿ ತಪ್ಪುಗಳು ಜಾಸ್ತಿ ಆದ ಹಾಗೆ ಕಾಣ್ತದೆ. ಅಮೆರಿಕದ ಸಂಶೋಧಕಿ ಆಮಿ ಎಡ್ಮಂಡ್‌ಸನ್ 90ರ ದಶಕದಲ್ಲಿ ಆಸ್ಪತ್ರೆಗಳ ಟೀಮುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡಿದ್ರೆ ಒಳ್ಳೆ ಟೀಮಲ್ಲೇ ಜಾಸ್ತಿ ಕಂಡಿತು, ಆಮೇಲೆ ನೋಡಿದ್ರೆ ಅವ್ರು ಮುಚ್ಚಿಡ್ತಿರಲಿಲ್ಲ ಅಷ್ಟೆ.

ಆ ಇಬ್ಬರನ್ನ ಬೇರೆಬೇರೆಯಾಗಿ ಕರೆದು ಮಾತಾಡಿ, ಒಂದು ತಿಂಗಳು ಕಳೆದೂ ಗೊತ್ತಿದ್ದೇ ಮುಚ್ಚಿಡ್ತಿದ್ರೆ ಆಗ ಧಣಿಗಳ ಹತ್ರ ಹೋಗಿ. ಧಣಿಗಳಿಗೂ ಒಂದು ಮಾತು ಹೇಳ್ಲಿಕ್ಕುಂಟು, ಬೈಲಿಕ್ಕೇ ಇದ್ರೆ ನಿಮ್ಮೊಬ್ಬರನ್ನೇ ಒಳಗೆ ಕರೆದು ಬೈಲಿ ಅಂತ. ಅದನ್ನ ಅಡಿಕೆಗೆ ರೇಟು ಏರಿದ ದಿನ ನೋಡಿ ಹೇಳಿ.