ಏಳನೇ ಪುಟದಿಂದ ಶುರು ಮಾಡಿ

ಬೆಟಗೇರಿಯ ಗೆಳೆಯರಿಗೆ ನಮಸ್ಕಾರ.

ನಿಮ್ಮ ‘ಟರ್ಮಿನೇಟರ್ ಸರಣಿಯ ಮರುಹುಟ್ಟು: ಒಂದು ಅವಲೋಕನ’ ತಲುಪಿತು. ಭವಿಷ್ಯದಿಂದ ಕೊಲ್ಲಲು ಬರುವ ಯಂತ್ರಮಾನವನ ಆ ಹಾಲಿವುಡ್ ಚಿತ್ರಗಳ ಬಗ್ಗೆ ಹನ್ನೊಂದು ಪುಟ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಓದಿದೆ. ನವನಗರ ಬರುವಷ್ಟರಲ್ಲಿ ಐದು ಪುಟ ಮುಗಿದಿದ್ದವು, ಒಂದು ಸಾಲೂ ತಲೆಯಲ್ಲಿ ನಿಂತಿರಲಿಲ್ಲ. ಬೇಜಾರಾಗಬೇಡಿ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಉಣಕಲ್ ಕೆರೆ ಹತ್ತಿರ ಏಳನೇ ಪುಟ ಬಂತು ನೋಡಿ, ಅದರ ಸಲುವಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ಎರಡನೇ ಚಿತ್ರದಲ್ಲಿ ಅಣುಬಾಂಬು ಬೀಳುವ ವರ್ಷ 2029 ಅಂದಿದ್ದೀರಿ. ಅಲ್ಲ, ಆ ದಿನ 1997ರ ಆಗಸ್ಟ್ 29. ಯಂತ್ರಮಾನವ ಹೊರಟು ಬರುವ ಕಾಲ 2029. ಮೂರನೆಯದನ್ನು ನಿರ್ದೇಶಿಸಿದ್ದು ಜೇಮ್ಸ್ ಕ್ಯಾಮರೂನ್ ಅಲ್ಲ, ಜೊನಾಥನ್ ಮೋಸ್ಟೋ. ಅಭಿಮಾನಿಗಳ ಕಣ್ಣಿಗೆ ಮೊದಲು ಬೀಳುವುದೇ ಇಂಥವು. ಆಮೇಲೆ ನೀವು ಏನು ಹೇಳಿದರೂ ಅವರು ನಂಬುವುದಿಲ್ಲ.

ಎರಡನೆಯದು ಬಂದ 1991ರ ನಂತರದ ನಾಲ್ಕೂ ಚಿತ್ರಗಳಿಗೆ ‘ರೀಬೂಟ್’, ಅಂದರೆ ಕಥೆಯನ್ನು ಮೊದಲಿನಿಂದ ಹೊಸದಾಗಿ ಶುರು ಮಾಡಿದ್ದು, ಅಂತ ಹೆಸರಿಟ್ಟಿದ್ದೀರಿ. ಅದೂ ಸರಿಯಲ್ಲ. 2003ರದು ಸೀದಾ ಮುಂದಿನ ಭಾಗ. 2009ರದು ಯಂತ್ರಗಳ ಜೊತೆ ಯುದ್ಧ ನಡೆಯುವ ಕಾಲಕ್ಕೇ ಹೋಗುತ್ತದೆ. 2015ರದು 1984ಕ್ಕೆ ಮರಳಿ, ಮೊದಲ ಚಿತ್ರದ ದೃಶ್ಯಗಳನ್ನೇ ಮತ್ತೆ ಕಟ್ಟಿ, ಅಲ್ಲಿಂದ ಕಥೆಯನ್ನು ಬೇರೆ ದಾರಿಗೆ ತಿರುಗಿಸುತ್ತದೆ. ರೀಬೂಟ್ ಅನ್ನಬಹುದಾದರೆ ಅದೊಂದನ್ನೇ. 2019ರದಂತೂ ಮೂರು, ನಾಲ್ಕು, ಐದು ನಡೆದೇ ಇಲ್ಲ ಅನ್ನುವಂತೆ ಎರಡನೆಯದಕ್ಕೆ ಹೋಗಿ ಗಂಟು ಹಾಕಿಕೊಳ್ಳುತ್ತದೆ.

ಇವೆಲ್ಲ ತಿದ್ದಿದರೆ ಸರಿಹೋಗುತ್ತವೆ. ನನ್ನ ಜಗಳ ಇರುವುದು ನಿಮ್ಮ ವಾದದ ಜೊತೆ. ‘ಗ್ರಾಫಿಕ್ಸ್ ಸಾಲದು, ಇನ್ನೂ ಜಾಸ್ತಿ ದುಡ್ಡು ಸುರಿದು ಹೊಸದಾಗಿ ಶುರು ಮಾಡಬೇಕು’ ಅಂತೀರಿ. ಮೊದಲ ಚಿತ್ರಕ್ಕೆ ಆದ ಖರ್ಚು ಸುಮಾರು 64 ಲಕ್ಷ ಡಾಲರ್. ಎರಡನೆಯದಕ್ಕೆ ಸುಮಾರು 10 ಕೋಟಿ. ಎರಡೂ ಗೆದ್ದವು. ಆ ಎರಡನೆಯದರಲ್ಲಿ ಕೂಡ ಕಂಪ್ಯೂಟರ್‌ನಲ್ಲಿ ಮಾಡಿದ್ದು ಎಲ್ಲ ಸೇರಿ ಸುಮಾರು ಐದು ನಿಮಿಷ. ಪೊಲೀಸು ವೇಷದ, ಕರಗಿದ ಲೋಹದ ಆ ಯಂತ್ರಮಾನವ ನಮಗೆ ಇಂದಿಗೂ ನೆನಪಿದ್ದಾನೆ, ಅಲ್ವಾ? ಆಮೇಲೆ ಬಂದವಕ್ಕೆ ದುಡ್ಡಿನ ಕೊರತೆ ಇರಲಿಲ್ಲ.

ತೊಂದರೆ ಬೇರೆ ಕಡೆ ಇದೆ. 1991ರಲ್ಲಿ ತಾಯಿಯೊಬ್ಬಳು ಎರಡು ತಾಸಿಗೂ ಹೆಚ್ಚು ಬಡಿದಾಡಿ ಮಗನನ್ನು ಉಳಿಸಿಕೊಂಡಳು. 2015ರಲ್ಲಿ ಆ ಮಗನನ್ನೇ ಯಂತ್ರ ಮಾಡಿಟ್ಟರು, ಅದನ್ನು ಟ್ರೇಲರಿನಲ್ಲೇ ಹೇಳಿಯೂ ಬಿಟ್ಟರು. 2019ರಲ್ಲಿ ಆ ಹುಡುಗನನ್ನು ಚಿತ್ರ ಶುರುವಾಗುತ್ತಿದ್ದಂತೆ ಕೊಂದರು. ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಊಟ ಹಾಕಿ, ಮುಂದಿನ ವರ್ಷ ‘ಕೆಡವಿದ್ದೇವೆ, ಪಾಯದ ಪೂಜೆಗೆ ಬನ್ನಿ’ ಅಂದರೆ ಎಷ್ಟು ಸಲ ಅಂತ ಜನ ಬರುತ್ತಾರೆ?

ಮತ್ತೆ ಮತ್ತೆ ಹೇಳುವುದು ತಪ್ಪಲ್ಲ. ನಿಮ್ಮ ಗದಗದ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಮಾಡಿದ್ದು ಅದನ್ನೇ ತಾನೆ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಅಂತ ಚೇಷ್ಟೆ ಮಾಡಿ, ಕೈಗೆತ್ತಿಕೊಂಡಿದ್ದು ಭಾರತವನ್ನು. ಅದೂ ಹೊಸದೇನಲ್ಲ, ಪಂಪ ಹತ್ತನೇ ಶತಮಾನದಲ್ಲೇ ಬರೆದಿದ್ದ. ಆದರೆ ಪಂಪನಿಗೆ ಅದು ಅರ್ಜುನನ ಕಥೆ, ಕುಮಾರವ್ಯಾಸನಿಗೆ ಕೃಷ್ಣನ ಕಥೆ. ಯಾರ ಕಥೆ ಅಂತ ಗೊತ್ತಿದ್ದವನು ಎಷ್ಟನೇ ಸಲ ಹೇಳಿದರೂ ನಡೆಯುತ್ತದೆ. ಮೊದಲೆರಡು ಟರ್ಮಿನೇಟರ್ ನಿರ್ದೇಶಿಸಿದ ಕ್ಯಾಮರೂನ್‌ಗೂ ಎರಡನೇ ಸಲ ಅದು ಗೊತ್ತಿತ್ತು: ಅದೇ ಮುಖ, ಕೊಲ್ಲಲು ಬಂದವನು ಈಗ ಕಾಯಲು ಬಂದ. 2022ರಲ್ಲಿ, ಬೇರೆ ಗ್ರಹದ ಬೇಟೆಗಾರನ ಕಥೆಯ ಪ್ರಿಡೇಟರ್ ಸರಣಿಯವರೂ ಕಥೆಯನ್ನು 1719ಕ್ಕೆ ಒಯ್ದು ಅಮೆರಿಕದ ಮೂಲನಿವಾಸಿ ಕೊಮಾಂಚಿ ಬುಡಕಟ್ಟಿನ ಹುಡುಗಿಯ ಕೈಗೆ ಕೊಟ್ಟರು. ಬೇಟೆಗಾರ ಹಳಬ, ಎದುರಿಗೆ ನಿಂತವಳು ಹೊಸಬಳು.

ಈಗ ನಿಮ್ಮ ಲೇಖನ ಯಾರದು? ಮೊದಲ ಆರು ಪುಟ ಯಾರದೂ ಅಲ್ಲ. ‘ಸದರಿ ಚಿತ್ರವು ಪ್ರೇಕ್ಷಕರ ಮನಸೂರೆಗೊಂಡಿತು’ ಮೂರು ಕಡೆ ಇದೆ. ನೀವು ಮಿರ್ಚಿ ಭಜಿ ತಿನ್ನುತ್ತಾ ಗೆಳೆಯರ ಮುಂದೆ ಹೀಗೆ ಮಾತಾಡ್ತೀರಾ?

ಏಳನೇ ಪುಟದಲ್ಲಿ ಮಾತ್ರ ಸುಮ್ನೆ ಹೋಗುವಾಗ ಐದು ಸಾಲು ಬಿಟ್ಟಿದ್ದೀರಿ. ಟಿವಿಯಲ್ಲಿ ಹಿಂದಿಗೆ ಡಬ್ ಆದ ಚಿತ್ರ. ಗೋಡೆಯ ಆಚೆ ಮಗ್ಗಗಳ ಸದ್ದು. ಮಾತು ಕೇಳುವುದಿಲ್ಲ, ಚಿತ್ರದ ಆ ಲೋಹ ಬಡಿದಂಥ ತಾಳ ಯಾವುದು, ಮಗ್ಗದ್ದು ಯಾವುದು ಗೊತ್ತಾಗುವುದಿಲ್ಲ. ಕರೆಂಟ್ ಹೋಗುತ್ತದೆ, ಟಿವಿ ಮಗ್ಗ ಎರಡೂ ಒಮ್ಮೆಲೇ ನಿಲ್ಲುತ್ತವೆ. ಆ ಕತ್ತಲಲ್ಲಿ ನಿಮ್ಮ ಅಪ್ಪ ಕೇಳುತ್ತಾರೆ: ‘ಹಂಗಾದ್ರ ಅವಂಗ ಕರೆಂಟ್ ಎಲ್ಲಿಂದ ಬರತೈತಿ?’

ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವರು ನೋಡಿದರು. (ಮೂರನೇ ಚಿತ್ರದಲ್ಲಿ ಇದಕ್ಕೆ ಉತ್ತರ ಇದೆ: ಹೈಡ್ರೋಜನ್ ಫ್ಯುಯೆಲ್ ಸೆಲ್. ಅಪ್ಪನಿಗೆ ಹೇಳಿ.) ಕೈಮಗ್ಗ ಮಾರಿ ಪವರ್‌ಲೂಮ್ ಹಾಕಿದವರು ಅವರು ಅಂತ ಮುಂದಿನ ಸಾಲಿನಲ್ಲಿದೆ. ಅದನ್ನು ಅಲ್ಲಿಗೇ ಬಿಟ್ಟು ನೀವು ಮತ್ತೆ ಕಲೆಕ್ಷನ್ ಲೆಕ್ಕಕ್ಕೆ ಓಡಿದ್ದೀರಿ.

ಮೊದಲ ಆರು ಪುಟ ತೆಗೆಯಿರಿ. ಏಳರಿಂದ ಶುರು ಮಾಡಿ, ಸಿನಿಮಾದ ಸಂಗತಿಗಳು ಬೇಕಾದಲ್ಲಿ ತಾವಾಗಿಯೇ ಬರುತ್ತವೆ. ‘ಯಂತ್ರವು ಮನುಷ್ಯನನ್ನು ಆಳುವ ದಿನ ದೂರವಿಲ್ಲ’ ಅನ್ನುವ ಕೊನೆಯ ಸಾಲು ಬೇಡ. ಎಂಟುನೂರು ಪದ ಸಾಕು, ದೀಪಾವಳಿಗೆ ಮುಂಚೆ ಕಳಿಸಿ.

ಒಂದು ಮಾತ್ರ ತಪ್ಪದೆ ಬರೆಯಿರಿ. ಅಪ್ಪ ಹಾಗೆ ಕೇಳಿದಾಗ ನೀವು ಏನಂದಿರಿ? ಹನ್ನೊಂದು ಪುಟದಲ್ಲಿ ಅದು ಎಲ್ಲೂ ಇಲ್ಲ.